ಸೆಕೆಂಡ್ ಹ್ಯಾಂಡ್ ಸಿನಾಲಜಿ ಡಿಎಸ್218ಜೆ: ‘ಕನೆಕ್ಟ್ ಆಗ್ತಿಲ್ಲ’ ಅಂತ ಅಗ್ಗಕ್ಕೆ ಕೊಟ್ಟರೆ ತಗೋಬಹುದಾ?

ಹಾಸನ, ಚಿಕ್ಕಮಗಳೂರು ಕಡೆ ಹಳೆ ನ್ಯಾಸ್ ಪೆಟ್ಟಿಗೆ (ಮನೆಯ ನೆಟ್‌ವರ್ಕಿಗೆ ಜೋಡಿಸಿ ಎಲ್ಲರೂ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ) ಹುಡುಕುವವರ ಕಣ್ಣಿಗೆ ಸಿನಾಲಜಿಯ ಡಿಎಸ್218ಜೆ ಬೀಳದೇ ಇರುವುದಿಲ್ಲ. ಮದುವೆ ಫೋಟೊ ತೆಗೆಯುವ ಸ್ಟುಡಿಯೊದವರು ನಾಲ್ಕು ಡಿಸ್ಕಿನದಕ್ಕೆ ಹೋದಾಗ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು ಸಾಮಾನು ಕಡಿಮೆ ಮಾಡುವಾಗ, ಹೋಮ್‌ಸ್ಟೇಯವರು ಕ್ಯಾಮೆರಾ ವ್ಯವಸ್ಥೆ ಬದಲಿಸುವಾಗ ಇದು ಮಾರಾಟಕ್ಕೆ ಬರುತ್ತದೆ. ಜೊತೆಗೆ ಒಂದೇ ಸಾಲಿನ ವಿವರಣೆ: ‘ಪವರ್ ಆನ್ ಆಗುತ್ತೆ, ಕನೆಕ್ಟ್ ಆಗ್ತಿಲ್ಲ, ಇದ್ದ ಹಾಗೇ ತಗೊಳ್ಳಿ.’ ಈ ವಿಮರ್ಶೆ ಅಂಥ ಪೆಟ್ಟಿಗೆಯ ಬಗ್ಗೆ.

ತೀರ್ಪು ಮೊದಲೇ ಹೇಳಿಬಿಡೋಣ. ಈ ಮಾಡೆಲ್‌ನಲ್ಲಿ ‘ಕನೆಕ್ಟ್ ಆಗ್ತಿಲ್ಲ’ ಅನ್ನುವುದರ ಹಿಂದೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ ಇರುತ್ತದೆ. ಹಳೆ ಮಾಲೀಕರು ಬಿಟ್ಟುಹೋದ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಪೆಟ್ಟಿಗೆಯ ಗುರುತಿನ ಸಂಖ್ಯೆ), ಸುಸ್ತಾದ ಅಡಾಪ್ಟರ್, ಅರ್ಧ ಕ್ರಿಂಪ್ ಮಾಡಿದ (ತುದಿಯ ಪ್ಲಗ್ಗಿಗೆ ಎಲ್ಲ ತಂತಿ ಒತ್ತಿ ಕೂರಿಸದ) ಕೇಬಲ್, ಸಿಡಿಲಿಗೆ ಸತ್ತ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ). ಮೊದಲ ಮೂರಕ್ಕೆ ಖರ್ಚು ಸೊನ್ನೆ ಅಥವಾ ಕೆಲವು ನೂರು ರೂಪಾಯಿ. ನಾಲ್ಕನೆಯದಾದರೆ ಪೆಟ್ಟಿಗೆಯ ಕಥೆ ಮುಗಿಯಿತು. ಯಾವುದು ಅಂತ ದುಡ್ಡು ಕೊಡುವ ಮುಂಚೆಯೇ ಮಾರುವವರ ಟೇಬಲ್ ಮೇಲೆ ತಿಳಿದುಕೊಳ್ಳಬಹುದು. ಹಾಗೆ ನೋಡಿಕೊಂಡು ಕೊಂಡರೆ ಮನೆಗೂ ಸಣ್ಣ ಸ್ಟುಡಿಯೊಗೂ ಇದು ಇವತ್ತಿಗೂ ಒಳ್ಳೆ ಮಾಲು.

ಪೆಟ್ಟಿಗೆಯಲ್ಲಿ ಏನಿದೆ

2017ರ ಕೊನೆಗೆ ಬಂದ ಮಾಡೆಲ್ ಇದು. ಮಾರ್ವೆಲ್ ಆರ್ಮಾಡ 385 ಪ್ರೊಸೆಸರ್, ಎರಡು ಕೋರ್, 1.3 ಗಿಗಾಹರ್ಟ್ಸ್. ರ‍್ಯಾಮ್ 512 ಎಂಬಿ, ಬೋರ್ಡಿಗೇ ಬೆಸುಗೆ ಹಾಕಿದ್ದು, ಹೆಚ್ಚಿಸಲು ಆಗದು. 3.5 ಇಂಚಿನ ಎರಡು ಸಾಟಾ ಡಿಸ್ಕ್ ಕೂರುತ್ತವೆ. ಗಿಗಾಬಿಟ್ ಲ್ಯಾನ್ ಪೋರ್ಟ್ ಒಂದೇ ಒಂದು, ಈ ಮಾತು ನೆನಪಿರಲಿ. ಹಿಂದೆ ಎರಡು ಯುಎಸ್‌ಬಿ 3.0, 92 ಮಿಲಿಮೀಟರ್ ಫ್ಯಾನ್. ಅಡಾಪ್ಟರ್ 12 ವೋಲ್ಟ್ 5 ಆಂಪಿಯರ್. ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಎಕ್ಸ್‌ಟ್4 ಮಾತ್ರ. ಬಿಟಿಆರ್‌ಎಫ್‌ಎಸ್ ಇಲ್ಲ, ಆದ್ದರಿಂದ ಸ್ನ್ಯಾಪ್‌ಶಾಟ್ (ಫೈಲುಗಳ ಹಿಂದಿನ ಸ್ಥಿತಿಗೆ ಮರಳುವ) ಸೌಲಭ್ಯವೂ ಇಲ್ಲ. ಡಾಕರ್ ಓಡಿಸುತ್ತೇನೆ ಅನ್ನುವವರಿಗೆ ಇದು ಆಗುವುದಿಲ್ಲ, ಬೇರೆ ನೋಡಿಕೊಳ್ಳಿ.

ಡಿಸ್ಕ್ ಓಡುತ್ತಿರುವಾಗ ಸುಮಾರು 17 ವ್ಯಾಟ್ ಎಳೆಯುತ್ತದೆ. ಹಗಲೂ ರಾತ್ರಿ ಬಿಟ್ಟರೂ ತಿಂಗಳಿಗೆ 12 ಯೂನಿಟ್ ಚಿಲ್ಲರೆ. ಹಳೆ ಡೆಸ್ಕ್‌ಟಾಪ್ ಒಂದನ್ನು ಸರ್ವರ್ ಮಾಡಿಕೊಂಡವರ ಕರೆಂಟ್ ಬಿಲ್ ಜೊತೆ ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. ಡಿಎಸ್‌ಎಂ (ಪೆಟ್ಟಿಗೆಯನ್ನು ನಡೆಸುವ ಸಿನಾಲಜಿಯ ವ್ಯವಸ್ಥೆ) ತಂತ್ರಾಂಶದ 7.2 ಆವೃತ್ತಿ ಇದರಲ್ಲಿ ಓಡುತ್ತದೆ. ಕಂಪನಿಯ ವಾರಂಟಿ ಎರಡು ವರ್ಷದ್ದು, ಅದು ಎಂದೋ ಮುಗಿದಿದೆ. ‘ವಾರಂಟಿ ಇದೆ’ ಅಂತ ಯಾರಾದರೂ ಹೇಳಿದರೆ ಉಳಿದ ಮಾತನ್ನೂ ಅಷ್ಟೇ ನಂಬಿ.

ನೋಡಲು ಹೋಗುವಾಗ ಒಯ್ಯಬೇಕಾದ್ದು: ಎಂಟೂ ತಂತಿ ಇರುವ, ಕಾರ್ಖಾನೆಯಲ್ಲೇ ಮಾಡಿದ ಒಂದು ಮೀಟರ್ ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲ್, ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪ್, ಮಲ್ಟಿಮೀಟರ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಸಿಮ್ ತೆಗೆಯುವ ಪಿನ್. ಲ್ಯಾಪ್‌ಟಾಪಿಗೆ ನೆಟ್‌ವರ್ಕಿನಲ್ಲಿ ಪೆಟ್ಟಿಗೆ ಹುಡುಕಿಕೊಡುವ ಸಿನಾಲಜಿ ಅಸಿಸ್ಟೆಂಟ್ ತಂತ್ರಾಂಶವನ್ನು ಮೊದಲೇ ಹಾಕಿಕೊಂಡಿರಿ. ಸಾಧ್ಯವಾದರೆ ಇನ್ನೊಂದು 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಕೂಡ ಕೈಯಲ್ಲಿರಲಿ.

ಮೊದಲು ಡಿಸ್ಕ್ ಬಿಚ್ಚಿ

ಹೆಚ್ಚಿನವರು ಕೇಬಲ್ ಚುಚ್ಚಿ ಬ್ರೌಸರ್ ತೆರೆದು ತಲೆ ಕೆಡಿಸಿಕೊಳ್ಳುತ್ತಾರೆ. ಅದಕ್ಕಿಂತ ಮುಂಚೆ ಎರಡೂ ಡಿಸ್ಕ್ ಹೊರಗೆ ತೆಗೆಯಿರಿ. ಹಿಂಬದಿಯ ಸ್ಕ್ರೂ ಬಿಚ್ಚಿ ಕವಚದ ಅರ್ಧವನ್ನು ಪಕ್ಕಕ್ಕೆ ಜಾರಿಸಿದರೆ ಒಳಗಿನ ಡಿಸ್ಕ್‌ಗಳು ಕಾಣುತ್ತವೆ. ಅವುಗಳ ಸ್ಕ್ರೂ ಕಳಚಿ ಹಿಂದಕ್ಕೆ ಎಳೆದರೆ ಬರುತ್ತವೆ. ಯಾವುದು 1, ಯಾವುದು 2 ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕರೆಂಟು ಇದ್ದಾಗ ಎಳೆಯಬೇಡಿ, ಈ ಮಾಡೆಲ್‌ನಲ್ಲಿ ಓಡುತ್ತಿರುವಾಗ ಡಿಸ್ಕ್ ಬದಲಿಸುವ ಸೌಲಭ್ಯ ಇಲ್ಲ.

ಈಗ ಬರೀ ಪೆಟ್ಟಿಗೆಗೆ ಪವರ್ ಕೊಟ್ಟು ಬಟನ್ ಒತ್ತಿ. ನೀಲಿ ದೀಪ ಮಿನುಗತೊಡಗುತ್ತದೆ. ಒಂದೆರಡು ನಿಮಿಷದಲ್ಲಿ ‘ಬೀಪ್’ ಅಂತ ಒಂದು ಸದ್ದು ಬಂದು ನೀಲಿ ದೀಪ ಮಿನುಗುವುದು ನಿಲ್ಲಬೇಕು, ಸ್ಟೇಟಸ್ ದೀಪ ಕಿತ್ತಳೆ ಬಣ್ಣಕ್ಕೆ ಬರಬೇಕು. ಡಿಸ್ಕ್ ಇಲ್ಲದಿದ್ದರೆ ಕಿತ್ತಳೆಯೇ ಸರಿಯಾದ ಉತ್ತರ. ‘ಕಿತ್ತಳೆ ಬಂತು, ಕೆಟ್ಟಿದೆ’ ಅಂತ ವಾಪಸ್ ಬರಬೇಡಿ. ಇಷ್ಟಾದರೆ ಬೋರ್ಡು, ಒಳಗಿನ ಫ್ಲ್ಯಾಶ್, ರ‍್ಯಾಮ್ ಮೂರೂ ಬದುಕಿವೆ ಅಂತ ಅರ್ಥ. ವ್ಯಾಪಾರದ ಮುಕ್ಕಾಲು ಭಾಗ ಈ ಒಂದು ಬೀಪಿನಲ್ಲೇ ತೀರ್ಮಾನವಾಗುತ್ತದೆ.

ಹತ್ತು ನಿಮಿಷ ಕಾದರೂ ನೀಲಿ ಮಿನುಗುತ್ತಲೇ ಇದೆ, ಬೀಪ್ ಇಲ್ಲ ಅಂದರೆ ಇನ್ನೊಂದು ಅಡಾಪ್ಟರ್ ಹಾಕಿ ನೋಡಿ. ಆಗಲೂ ಹಾಗೇ ಇದ್ದರೆ ಬೋರ್ಡ್ ಹೋಗಿದೆ, ಕೈ ಮುಗಿದು ಹೊರಡಿ. ಡಿಸ್ಕ್ ತೆಗೆದಾಗ ಬೂಟ್ ಆಗಿ, ಹಾಕಿದಾಗ ಮಿನುಗುತ್ತಲೇ ಉಳಿದರೆ ತಪ್ಪು ಡಿಸ್ಕಿನದು ಅಥವಾ ಅಡಾಪ್ಟರಿನದು. ಒಂದೊಂದೇ ಡಿಸ್ಕ್ ಹಾಕಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಅಡಾಪ್ಟರ್ ಮೇಲೆ ಒಂದು ಕಣ್ಣು

ಹಳೆ ನ್ಯಾಸ್‌ಗಳಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದು ಅಡಾಪ್ಟರ್. 3.5 ಇಂಚಿನ ಡಿಸ್ಕ್ ನಿಂತಲ್ಲಿಂದ ತಿರುಗಲು ಶುರು ಮಾಡುವ ಆ ಕೆಲವು ಸೆಕೆಂಡುಗಳಲ್ಲಿ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಕೇಳುತ್ತದೆ. ಎರಡು ಡಿಸ್ಕ್ ಅಂದರೆ 4, ಬೋರ್ಡು ಫ್ಯಾನು ಸೇರಿದರೆ 5ರ ಹತ್ತಿರ. ಒಳಗಿನ ಕೆಪಾಸಿಟರ್ ಒಣಗಿದ ಅಡಾಪ್ಟರ್ ಅಷ್ಟು ಕೊಡಲಾರದೆ ಕುಸಿಯುತ್ತದೆ, ಬೋರ್ಡ್ ರೀಸ್ಟಾರ್ಟ್ ಆಗುತ್ತದೆ, ಡಿಸ್ಕ್ ‘ಕ್ಲಿಕ್’ ಅಂತ ನಿಂತು ಮತ್ತೆ ತಿರುಗುತ್ತದೆ. ಹೊರಗಿನಿಂದ ನೋಡುವವರಿಗೆ ದೀಪ ಉರಿಯುತ್ತಿದೆ, ಆದರೆ ನೆಟ್‌ವರ್ಕಿನಲ್ಲಿ ಪೆಟ್ಟಿಗೆ ಕಾಣುವುದಿಲ್ಲ. ಮಾರುವವರು ಡಿಸ್ಕ್ ಕೆಟ್ಟಿದೆ ಅಂದುಕೊಂಡಿರುತ್ತಾರೆ.

ಮಲ್ಟಿಮೀಟರ್ ಇಟ್ಟ ತಕ್ಷಣ 12.1 ತೋರಿಸಿತು, ಹಾಗಾಗಿ ಚೆನ್ನಾಗಿದೆ ಅನ್ನುವುದು ತಪ್ಪು ಲೆಕ್ಕ. ಹೊರೆ ಇಲ್ಲದಾಗ ಎಲ್ಲ ಅಡಾಪ್ಟರೂ 12 ತೋರಿಸುತ್ತದೆ. ಹೊರೆ ಹಾಕಿ ಅಳೆಯಿರಿ. ಆಟೊ ಸ್ಪೇರ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಎರಡು ತನ್ನಿ, ಸಮಾಂತರವಾಗಿ ಜೋಡಿಸಿ. ಎರಡೂ ಸೇರಿ 42 ವ್ಯಾಟ್, ಅಂದರೆ ಮೂರೂವರೆ ಆಂಪಿಯರ್. ತಣ್ಣಗಿನ ಫಿಲಮೆಂಟ್ ಮೊದಲ ಕ್ಷಣ ಜಾಸ್ತಿ ಎಳೆಯುವುದರಿಂದ ಒಂದು ಹೊತ್ತಿಸಿ, ಆಮೇಲೆ ಎರಡನೆಯದನ್ನು ಸೇರಿಸಿ. ಐದು ನಿಮಿಷ ಉರಿಯುವಾಗ ವೋಲ್ಟೇಜ್ 11.4ಕ್ಕಿಂತ ಕೆಳಗೆ ಇಳಿದರೆ ಆ ಅಡಾಪ್ಟರ್ ಗುಜರಿಗೆ. ಬಲ್ಬ್ ಸುಡುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಬದಲಿ ಅಡಾಪ್ಟರ್ ಹಾಸನದ ಬಿ.ಎಂ. ರಸ್ತೆಯ ಕಡೆ ಯಾವ ಸಿಸಿಟಿವಿ ಅಂಗಡಿಯಲ್ಲಾದರೂ ಕೇಳಬಹುದು. 12 ವೋಲ್ಟ್ 5 ಆಂಪಿಯರ್ ಕ್ಯಾಮೆರಾದವರಿಗೆ ದಿನನಿತ್ಯದ ಸಾಮಾನು. ಎರಡು ಎಚ್ಚರ. ಒಂದು, ಸಿಸಿಟಿವಿ ಜ್ಯಾಕಿನ ಒಳತೂತು ಸಾಮಾನ್ಯವಾಗಿ 2.1 ಮಿಲಿಮೀಟರ್, ಪೆಟ್ಟಿಗೆಯ ಪಿನ್ನಿಗೆ ಅದು ಕೂರದಿದ್ದರೆ ಒತ್ತಿ ತುರುಕಬೇಡಿ, ಹಳೆ ಅಡಾಪ್ಟರನ್ನು ಜೊತೆಗೆ ಒಯ್ದು ಜ್ಯಾಕ್ ಹೋಲಿಸಿಯೇ ಕೊಳ್ಳಿ. ಎರಡು, ಲೇಬಲ್ ಮೇಲೆ 5 ಆಂಪಿಯರ್ ಅಂತ ಬರೆದು ಒಳಗೆ 3ರ ಸಾಮಾನು ಇಟ್ಟ ಅಡಾಪ್ಟರುಗಳು ಧಾರಾಳವಾಗಿವೆ. ಕೈಯಲ್ಲಿ ಹಿಡಿದರೆ ಹಗುರ ಅನಿಸುತ್ತದೆ. ಅದೇ ಎರಡು ಬಲ್ಬಿನ ಪರೀಕ್ಷೆ ಅದಕ್ಕೂ ಮಾಡಿ. ರೂಟರಿಗೆ ಇಡುವ ಸಣ್ಣ 12 ವೋಲ್ಟ್ ಯುಪಿಎಸ್‌ನಿಂದ ಇದನ್ನು ಓಡಿಸುವ ಆಸೆ ಬೇಡ, ಅವು ಕೊಡುವುದು 2 ಅಥವಾ 3 ಆಂಪಿಯರ್.

ಕೇಬಲ್, ಪೋರ್ಟು, ಸಿಡಿಲು

ಬೀಪ್ ಬಂತು ಅಂದಮೇಲೆ ಮನೆಯ ರೂಟರಿಗೆ ಜೋಡಿಸುವ ಮುಂಚೆ ನಿಮ್ಮ ಲ್ಯಾಪ್‌ಟಾಪಿಗೇ ನೇರ ಜೋಡಿಸಿ. ಪೋರ್ಟಿನ ದೀಪ ಹತ್ತಬೇಕು. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಸಂಪರ್ಕದ ವೇಗ 1 ಗಿಗಾಬಿಟ್ ಅಂತ ಬರಬೇಕು. ದೀಪವೇ ಇಲ್ಲ, ಇನ್ನೊಂದು ಕೇಬಲ್ ಹಾಕಿದರೂ ಇಲ್ಲ ಅಂದರೆ ಪೋರ್ಟ್ ಸತ್ತಿದೆ.

ನಮ್ಮ ಕಡೆ ಇದು ಅಪರೂಪವಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಕರೆಂಟಿನ ಲೈನಿಗಿಂತ ಲ್ಯಾನ್ ಕೇಬಲ್ ಮೂಲಕ ಬರುವ ಏಟೇ ಹೆಚ್ಚು ಕಾಟ ಕೊಡುತ್ತದೆ. ಮನೆಯಿಂದ ಆಫೀಸಿಗೋ ಕಾಫಿ ಕಣದ ಕ್ಯಾಮೆರಾಕ್ಕೋ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ಅಕ್ಕಪಕ್ಕ ಬಿದ್ದ ಸಿಡಿಲಿನ ಪ್ರೇರಿತ ವೋಲ್ಟೇಜನ್ನು ಹಿಡಿದು ನೇರ ಪೋರ್ಟಿನೊಳಗೆ ತಂದು ಸುರಿಯುತ್ತದೆ. ಪವರ್ ಪ್ಲಗ್ ಕಿತ್ತಿಟ್ಟು ಲ್ಯಾನ್ ವೈರ್ ಹಾಗೇ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಪೋರ್ಟಿನ ಹಿಂದಿನ ಟ್ರಾನ್ಸ್‌ಫಾರ್ಮರ್ ಅಥವಾ ಅದರಾಚೆಯ ಚಿಪ್ ಹೋಗಿರುತ್ತದೆ. ಬೋರ್ಡ್ ಮಟ್ಟದ ಕೆಲಸ ಬಲ್ಲವರು ಬದಲಿಸಬಲ್ಲರು, ಆದರೆ ಅಷ್ಟು ಖರ್ಚು ಈ ಪೆಟ್ಟಿಗೆಗೆ ಮೂಗಿಗಿಂತ ಮೂಗುತಿ ಭಾರ. ಯುಎಸ್‌ಬಿ ಲ್ಯಾನ್ ಡಾಂಗಲ್ ಹಾಕಿ ದಾಟಿಕೊಳ್ಳೋಣ ಅಂದರೆ ಡಿಎಸ್‌ಎಂನಲ್ಲಿ ಅದಕ್ಕೆ ಅಧಿಕೃತ ಬೆಂಬಲ ಇಲ್ಲ. ಪೋರ್ಟ್ ಒಂದೇ ಅಂತ ಮೊದಲೇ ಹೇಳಿದ್ದು ಇದಕ್ಕೇ. ಎರಡು ಕಟ್ಟಡಗಳ ನಡುವೆ ಎಳೆಯುವುದಿದ್ದರೆ ತಾಮ್ರದ ಬದಲು ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಡಬ್ಬಿ) ಇಡಿ.

ದೀಪ ಹತ್ತಿತು, ಆದರೆ ವೇಗ 100 ಮೆಗಾಬಿಟ್ ಅಂತ ತೋರಿಸುತ್ತಿದೆ ಅಂದರೆ ಕೇಬಲನ್ನು ಅನುಮಾನಿಸಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ, ಎಂಟೂ ತಂತಿ ಬೇಕು. 100ಕ್ಕೆ 1, 2, 3, 6ನೇ ಪಿನ್ ಸಾಕು. ಕ್ಯಾಮೆರಾ ವೈರಿಂಗ್ ಮಾಡುವವರಲ್ಲಿ ಕೆಲವರು ನಾಲ್ಕೇ ತಂತಿ ಕ್ರಿಂಪ್ ಮಾಡಿ, ಉಳಿದ ನಾಲ್ಕನ್ನು ಕತ್ತರಿಸಿ ಹಾಕಿರುತ್ತಾರೆ. ತಾಮ್ರ ಲೇಪಿಸಿದ ಅಲ್ಯುಮಿನಿಯಂ ಕೇಬಲ್ ಆದರೆ ಎರಡು ಮಳೆಗಾಲದಲ್ಲಿ ಕ್ರಿಂಪಿನ ಬಾಯಲ್ಲೇ ಮುರಿದಿರುತ್ತದೆ. 100 ಮೆಗಾಬಿಟ್‌ನಲ್ಲಿ ಸೆಕೆಂಡಿಗೆ 11 ಎಂಬಿ ಬರುತ್ತದೆ. ಗಿಗಾಬಿಟ್‌ನಲ್ಲಿ ಈ ಪೆಟ್ಟಿಗೆ ದೊಡ್ಡ ಫೈಲುಗಳಿಗೆ 100 ಎಂಬಿ ದಾಟುತ್ತದೆ. ಒಂದು ಮದುವೆಯ 200 ಜಿಬಿ ಫೋಟೊ, ವಿಡಿಯೊ ಹಾಕಲು ಮೊದಲನೆಯದರಲ್ಲಿ ಐದು ಗಂಟೆ, ಎರಡನೆಯದರಲ್ಲಿ ಅರ್ಧ ಗಂಟೆ ಚಿಲ್ಲರೆ. ‘ಸಿನಾಲಜಿ ಸ್ಲೋ’ ಅನ್ನುವ ದೂರು ಕೇಳಿದಾಗಲೆಲ್ಲ ಮೊದಲು ಕೇಬಲಿನ ತುದಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದು ಎಷ್ಟು ಬಣ್ಣ ಕಾಣುತ್ತವೆ ಅಂತ ಎಣಿಸಿ.

ವಿಳಾಸದ ಗೋಜಲು

ದೀಪ ಇದೆ, ಬೀಪ್ ಇದೆ, ಆದರೂ ಸಿಗುತ್ತಿಲ್ಲ ಅನ್ನುವುದೇ ಹೆಚ್ಚು. ಕಾರಣ ಸರಳ. ಹಳೆ ಮಾಲೀಕರು ಪೆಟ್ಟಿಗೆಗೆ ಸ್ಥಿರ ವಿಳಾಸ ಕೊಟ್ಟಿದ್ದರು, ಉದಾಹರಣೆಗೆ 192.168.0.10. ನಿಮ್ಮ ಮನೆಯ ರೂಟರ್ 192.168.1.1ರಲ್ಲಿ ಇದೆ, ಜಿಯೋ ಫೈಬರ್ ಆದರೆ 192.168.29.1. ಇಬ್ಬರೂ ಬೇರೆ ಬೇರೆ ಬೀದಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಮಾರುವವರ ಮನೆಯಲ್ಲೂ ಇಂಟರ್‌ನೆಟ್ ಕಂಪನಿ ಬದಲಾದ ದಿನದಿಂದಲೇ ಪೆಟ್ಟಿಗೆ ‘ಕೆಟ್ಟಿರುತ್ತದೆ’. ಫೈಬರ್ ಯಾವಾಗ ಹಾಕಿಸಿದಿರಿ ಅಂತ ಒಂದು ಮಾತು ಕೇಳಿ ನೋಡಿ. ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ.

ಸಿನಾಲಜಿ ಅಸಿಸ್ಟೆಂಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹುಡುಕುವುದರಿಂದ ಬೇರೆ ಶ್ರೇಣಿಯ ವಿಳಾಸದಲ್ಲಿರುವ ಪೆಟ್ಟಿಗೆಯೂ ಪಟ್ಟಿಯಲ್ಲಿ ಕಾಣುತ್ತದೆ. ಕಾಣದಿದ್ದರೆ ವಿಂಡೋಸ್ ಫೈರ್‌ವಾಲ್ ತಡೆದಿದೆಯೇ ನೋಡಿ. ಅಸಿಸ್ಟೆಂಟ್ ಯುಡಿಪಿ 9997ರಿಂದ 9999ರವರೆಗಿನ ಪೋರ್ಟುಗಳನ್ನು (ಇವು ಕೇಬಲ್ ಸಿಕ್ಕಿಸುವ ಜಾಗವಲ್ಲ, ತಂತ್ರಾಂಶ ಮಾತಾಡುವ ಬಾಗಿಲ ಸಂಖ್ಯೆಗಳು) ಬಳಸುತ್ತದೆ. ಮೊದಲ ಸಲ ತೆರೆದಾಗ ಬರುವ ಅನುಮತಿ ಕಿಟಕಿಯನ್ನು ಓದದೆ ಮುಚ್ಚಿದವರಿಗೆ ಯಾವ ಪೆಟ್ಟಿಗೆಯೂ ಕಾಣುವುದಿಲ್ಲ. ಲ್ಯಾಪ್‌ಟಾಪಿನ ವಿಪಿಎನ್ ನಿಲ್ಲಿಸಿ. ಕಂಪನಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಮಾಡದಿದ್ದರೆ ಒಳ್ಳೆಯದು. ಗೆಸ್ಟ್ ವೈಫೈಯಲ್ಲಿದ್ದರೂ ಅಷ್ಟೇ, ಅದು ಉಳಿದ ಸಾಧನಗಳನ್ನು ಬೇಕೆಂದೇ ಮರೆಮಾಡುತ್ತದೆ.

ಇನ್ನೊಂದು ದಾರಿ, ರೂಟರಿನ ಪುಟದಲ್ಲಿ ಜೋಡಿಸಿದ ಸಾಧನಗಳ ಪಟ್ಟಿ ತೆರೆದು ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು) ನೋಡುವುದು. ಈ ಕಾಲದ ಸಿನಾಲಜಿ ಪೆಟ್ಟಿಗೆಗಳದ್ದು 00:11:32 ಎಂದು ಶುರುವಾಗುತ್ತದೆ. ಅದರ ಮುಂದಿರುವ ವಿಳಾಸಕ್ಕೆ 5000 ಸೇರಿಸಿ ಬ್ರೌಸರಿನಲ್ಲಿ ಹಾಕಿ, 192.168.1.50:5000 ಹೀಗೆ. ಪಟ್ಟಿಯಲ್ಲಿ ವಿಳಾಸ 169.254 ಅಂತ ಶುರುವಾದರೆ ಪೆಟ್ಟಿಗೆಗೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ. ಲ್ಯಾಪ್‌ಟಾಪಿಗೆ ನೇರ ಜೋಡಿಸಿದಾಗ ಮಾತ್ರ ಅದು ಸಹಜ, ರೂಟರಿನಲ್ಲಿದ್ದಾಗ ಅಲ್ಲ.

ಎರಡು ರೂಟರ್ ಇರುವ ಮನೆಗಳ ಸಮಸ್ಯೆ ಬೇರೆ. ಫೈಬರ್‌ನವರು ಕೊಟ್ಟ ಡಬ್ಬಿ ಒಂದು, ವೈಫೈ ದೂರ ಹೋಗಲಿ ಅಂತ ನೀವು ಕೊಂಡ ರೂಟರ್ ಇನ್ನೊಂದು. ಎರಡೂ ತಮ್ಮದೇ ಶ್ರೇಣಿ ಹಂಚುತ್ತಿರುತ್ತವೆ. ನ್ಯಾಸ್ ಮೊದಲನೆಯದರಲ್ಲಿ, ಲ್ಯಾಪ್‌ಟಾಪ್ ಎರಡನೆಯದರಲ್ಲಿ ಇದ್ದರೆ ಅಸಿಸ್ಟೆಂಟ್ ಏನೂ ತೋರಿಸುವುದಿಲ್ಲ, ಐಪಿ ಬರೆದರೆ ಮಾತ್ರ ತೆರೆಯುತ್ತದೆ. ನ್ಯಾಸ್ ಎರಡನೆಯದರಲ್ಲಿ, ಲ್ಯಾಪ್‌ಟಾಪ್ ಮೊದಲನೆಯದರಲ್ಲಿ ಇದ್ದರೆ ಅದೂ ಇಲ್ಲ. ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ತಾನು ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಸ್ಥಿತಿ) ಹಾಕಿದರೆ ಗೋಜಲು ಮುಗಿಯಿತು.

ರೀಸೆಟ್: ನಾಲ್ಕು ಸೆಕೆಂಡಿನ ಕೆಲಸ, ಆದರೆ ಎಣಿಸಿ ಒತ್ತಿ

ಹಿಂದೆ ಯುಎಸ್‌ಬಿ ಪಕ್ಕದ ಸಣ್ಣ ತೂತಿನಲ್ಲಿ ರೀಸೆಟ್ ಇದೆ. ಇದರಲ್ಲಿ ಎರಡು ಹಂತ, ಒಂದರ ಬದಲು ಇನ್ನೊಂದು ಒತ್ತಿ ಗಾಬರಿಯಾಗುವವರೇ ಜಾಸ್ತಿ. ಡಿಸ್ಕ್ ಹಾಕಿ, ಪೂರ್ತಿ ಬೂಟ್ ಆಗಿ, ಬೀಪ್ ಬಂದಮೇಲೆ ಶುರು ಮಾಡಿ.

ಪಿನ್ ಹಾಕಿ ಸುಮಾರು ನಾಲ್ಕು ಸೆಕೆಂಡ್ ಒತ್ತಿ ಹಿಡಿಯಿರಿ, ಒಂದು ಬೀಪ್ ಬಂದ ಕೂಡಲೇ ಬಿಡಿ. ಇದು ಮೊದಲ ಹಂತ. ಅಡ್ಮಿನ್ ಖಾತೆಯ ಪಾಸ್‌ವರ್ಡ್ ಮೂಲ ಸ್ಥಿತಿಗೆ ಹೋಗುತ್ತದೆ, ಸ್ಥಿರ ಐಪಿ ಅಳಿದು ರೂಟರಿನಿಂದಲೇ ವಿಳಾಸ ಪಡೆಯುವ ವ್ಯವಸ್ಥೆಗೆ ಬರುತ್ತದೆ, ಪುಟದ ಪೋರ್ಟ್ 5000, 5001ಕ್ಕೆ ಮರಳುತ್ತದೆ, ಫೈರ್‌ವಾಲ್ ನಿಯಮಗಳು ಮತ್ತು ಆಟೊ ಬ್ಲಾಕ್ ನಿಲ್ಲುತ್ತವೆ. ಡಿಸ್ಕಿನ ಡೇಟಾಕ್ಕೆ ಏನೂ ಆಗುವುದಿಲ್ಲ. ವಿಳಾಸದ ಕಾಯಿಲೆಗೆ ಇಷ್ಟೇ ಔಷಧ. ತಪ್ಪು ಪಾಸ್‌ವರ್ಡ್ ಹಾಕಿ ಹಾಕಿ ತಮ್ಮ ಲ್ಯಾಪ್‌ಟಾಪಿನ ವಿಳಾಸವೇ ಬ್ಲಾಕ್ ಆಗಿರುವವರಿಗೂ ಇದೇ ದಾರಿ.

ಎರಡನೇ ಹಂತಕ್ಕೆ, ಆ ಮೊದಲ ಬೀಪ್ ಆಗಿ ಬಿಟ್ಟ ಹತ್ತು ಸೆಕೆಂಡಿನೊಳಗೆ ಮತ್ತೆ ನಾಲ್ಕು ಸೆಕೆಂಡ್ ಒತ್ತಬೇಕು. ಮೂರು ಬೀಪ್ ಬರುತ್ತವೆ, ಪೆಟ್ಟಿಗೆ ರೀಸ್ಟಾರ್ಟ್ ಆಗುತ್ತದೆ, ಸ್ಟೇಟಸ್ ಕಿತ್ತಳೆ ಮಿನುಗುತ್ತದೆ. ಈಗ ಡಿಎಸ್‌ಎಂ ಮರುಸ್ಥಾಪನೆಗೆ ಕಾಯುತ್ತಿದೆ. ಇದರಲ್ಲೂ ಬಳಕೆದಾರರ ಫೈಲುಗಳು ಉಳಿಯುತ್ತವೆ, ಸೆಟ್ಟಿಂಗ್‌ಗಳು ಹೋಗುತ್ತವೆ. ಆದರೆ ಮುಂದಿನ ಪರದೆಗಳಲ್ಲಿ ‘ಡಿಸ್ಕಿನಲ್ಲಿರುವ ಎಲ್ಲವೂ ಅಳಿಯುತ್ತದೆ’ ಎಂಬರ್ಥದ ಎಚ್ಚರಿಕೆ ಬಂದರೆ ಅದು ನಿಜವಾಗಿಯೂ ಅಳಿಸುತ್ತದೆ. ನಿಮ್ಮದೇ ಅಥವಾ ಮನೆಯವರದೇ ಹಳೆ ಫೋಟೊ ಒಳಗಿದ್ದರೆ ಅಲ್ಲಿ ನಿಲ್ಲಿ. ಆ ಡಿಸ್ಕನ್ನು ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಿದರೆ ಫೈಲುಗಳನ್ನು ಓದಬಹುದು. ಒಳಗಿರುವುದು ಲಿನಕ್ಸಿನದೇ ಸಾಫ್ಟ್‌ವೇರ್ ರೇಡ್ (ಎರಡು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ವ್ಯವಸ್ಥೆ), ಮೇಲೆ ಎಕ್ಸ್‌ಟ್4. ಎನ್‌ಕ್ರಿಪ್ಟ್ ಮಾಡಿದ ಫೋಲ್ಡರ್ ಆದರೆ ಕೀ ಇಲ್ಲದೆ ಯಾರಿಂದಲೂ ಆಗದು.

ರೀಸೆಟ್ ಒತ್ತಿದರೂ ಪಾಸ್‌ವರ್ಡ್ ಬದಲಾಗಲಿಲ್ಲವೇ? ಅಡ್ಮಿನ್ ಪಾಸ್‌ವರ್ಡ್ ಹಾಗೇ ಉಳಿಯಲಿ ಅನ್ನುವ ಆಯ್ಕೆ ಡಿಎಸ್‌ಎಂನಲ್ಲಿದೆ, ಹುಷಾರಿನವರು ಅದನ್ನು ಹಾಕಿರುತ್ತಾರೆ. ಆಗ ಎರಡನೇ ಹಂತವೇ ಗತಿ.

ಮರುಸ್ಥಾಪನೆಗೆ ಇಂಟರ್‌ನೆಟ್ ಸಾಲದಿದ್ದರೆ ಸಿನಾಲಜಿಯ ಡೌನ್‌ಲೋಡ್ ಪುಟದಿಂದ ಫೈಲನ್ನು ಮೊದಲೇ ಇಳಿಸಿಕೊಂಡು ಕೈಯಿಂದ ಕೊಡಿ. ಡಿಎಸ್218ಜೆಯದೇ ಬೇಕು. ಡಿಎಸ್218, ಡಿಎಸ್218ಪ್ಲೇ, ಡಿಎಸ್218+ ಹೆಸರಿಗೆ ಅಣ್ಣತಮ್ಮಂದಿರು, ಒಳಗಿನ ಪ್ರೊಸೆಸರ್ ಬೇರೆ. 7.2.2 ಆವೃತ್ತಿಯಲ್ಲಿ ವಿಡಿಯೊ ಸ್ಟೇಷನ್ ತೆಗೆದುಹಾಕಿದ್ದಾರೆ, ಅದನ್ನೇ ನಂಬಿ ಟಿವಿಯಲ್ಲಿ ಸಿನಿಮಾ ನೋಡುವ ಯೋಚನೆ ಇದ್ದರೆ ತಿಳಿದಿರಲಿ.

ಕೊಳ್ಳುವಾಗ ಮಾರುವವರ ಎದುರಲ್ಲೇ ಅವರ ಸಿನಾಲಜಿ ಖಾತೆ ಮತ್ತು ದೂರದಿಂದ ಪೆಟ್ಟಿಗೆ ತೆರೆಯುವ ಕ್ವಿಕ್‌ಕನೆಕ್ಟ್ ತೆಗೆಸಿ. ಅವರ ಡಿಸ್ಕ್ ಜೊತೆಗೇ ಬಂದಿದ್ದರೆ ಒಳಗೆ ಇಣುಕದೆ ಅಳಿಸಿ. ಯಾರದೋ ಮನೆಯ ಫೋಟೊ ನಿಮಗೇಕೆ.

ಪುಟ ತೆರೆಯುತ್ತೆ, ಫೋಲ್ಡರ್ ತೆರೆಯಲ್ಲ

ಬ್ರೌಸರಿನಲ್ಲಿ ಡಿಎಸ್‌ಎಂ ಬಂದಮೇಲೂ ವಿಂಡೋಸ್‌ನಲ್ಲಿ ಫೋಲ್ಡರ್ ಸಿಗದಿದ್ದರೆ ಪೆಟ್ಟಿಗೆಯನ್ನು ಬೈಯಬೇಡಿ. ಫೈಲ್ ಎಕ್ಸ್‌ಪ್ಲೋರರ್ ಪಟ್ಟಿಯಲ್ಲಿ ಹುಡುಕುವ ಬದಲು ಮೇಲಿನ ವಿಳಾಸ ಸಾಲಿನಲ್ಲಿ \\192.168.1.50 ಹೀಗೆ ನೇರ ಬರೆಯಿರಿ. 80070035 ಎಂದು ಕೊನೆಯಾಗುವ ದೋಷ ಬಂದರೆ ವಿಂಡೋಸ್‌ನ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದೆಯೇ, ಡಿಎಸ್‌ಎಂನಲ್ಲಿ ಎಸ್‌ಎಂಬಿ ಸೇವೆ (ವಿಂಡೋಸ್‌ಗೆ ಫೋಲ್ಡರ್ ಹಂಚುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಅನ್ನುತ್ತಿದ್ದರೆ ಕಂಟ್ರೋಲ್ ಪ್ಯಾನೆಲಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಹಳೆ ಪಾಸ್‌ವರ್ಡ್ ಕೂತಿರುತ್ತದೆ, ಅದನ್ನು ತೆಗೆಯಿರಿ. ವಿಂಡೋಸ್ 11 ಪ್ರೊ 24ಎಚ್2ನಿಂದ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ನಡೆಯುವುದಿಲ್ಲ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಖಾತೆ ಮಾಡಿಕೊಡುವುದೇ ಸರಿ.

ಡಿಸ್ಕು ಜೊತೆಗೆ ಬೇಡ

ಪೆಟ್ಟಿಗೆ ಹಳೆಯದಾದರೂ ನಡೆಯುತ್ತದೆ, ಡಿಸ್ಕ್ ಹಳೆಯದಾದರೆ ಯೋಚಿಸಿ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ಸ್ಮಾರ್ಟ್ ಪಟ್ಟಿಯಲ್ಲಿ 5, 197, 198ನೇ ಸಾಲುಗಳ ಮೂಲ ಅಂಕಿ ಸೊನ್ನೆ ಇರಬೇಕು. 197 ಏರುತ್ತಿದ್ದರೆ ಆ ಡಿಸ್ಕ್ ನಂಬಿಕೆಗೆ ಅಲ್ಲ. 9ನೇ ಸಾಲು ಓಡಿದ ಗಂಟೆ. 43,800 ಅಂದರೆ ಐದು ವರ್ಷ ಬಿಡದೆ ಓಡಿದೆ. 199 ಹೆಚ್ಚಿದ್ದರೆ ಡಿಸ್ಕಿಗಿಂತ ಸಂಪರ್ಕದ ದೋಷ. ಮಲೆನಾಡಿನ ತೇವದಲ್ಲಿ ಸಾಟಾ ಕನೆಕ್ಟರಿನ ಮೇಲೆ ಹಸಿರು ಬಿಳಿ ಪೊರೆ ಕಟ್ಟಿರುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆ ಬ್ರಶ್‌ನಿಂದ ಎರಡೂ ಕಡೆ ಉಜ್ಜಿ, ಪೂರ್ತಿ ಆರಿದ ಮೇಲೆ ಹಾಕಿ. ಕವಚ ತೆರೆದಾಗಲೇ ಫ್ಯಾನಿನ ಧೂಳು, ಮೂಲೆಯ ಇರುವೆ ಮೊಟ್ಟೆಗಳನ್ನೂ ತೆಗೆದುಬಿಡಿ.

ಹೊಸ ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬಗೆಯದು (ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವುದರಿಂದ ಮತ್ತೆ ಬರೆಯುವಾಗ ನಿಧಾನ) ಬೇಡ. ಬರೀ ‘ರೆಡ್’ ಎಂದಿರುವ ಡಬ್ಲ್ಯೂಡಿಯ 2ರಿಂದ 6 ಟಿಬಿಯ ಕೆಲವು ಡಿಸ್ಕ್‌ಗಳು ಆ ಬಗೆಯವು ಎಂದು 2020ರಲ್ಲಿ ಹೊರಬಂತು. ‘ರೆಡ್ ಪ್ಲಸ್’ ಸಿಎಂಆರ್, ಅಂದರೆ ಹಾಗೆ ಹೊದಿಸದ ಬಗೆ. ರೇಡ್ ಮರುಜೋಡಣೆಯ ಹೊತ್ತಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಬೇರೆ ಹಳೆ ಪೆಟ್ಟಿಗೆಗಳು

ಇದರ ಜೊತೆಗೇ ಮಾರಾಟಕ್ಕೆ ಕಾಣುವ ಕೆಲವನ್ನು ಮುಟ್ಟದಿರುವುದು ಲೇಸು. ಡಿ-ಲಿಂಕ್‌ನ ಡಿಎನ್‌ಎಸ್-320ಎಲ್, 325, 327ಎಲ್, 340ಎಲ್ ಮಾಡೆಲ್‌ಗಳಲ್ಲಿ ಪಾಸ್‌ವರ್ಡ್ ಇಲ್ಲದೆ ಒಳನುಗ್ಗುವ ದೋಷ 2024ರಲ್ಲಿ ಬಯಲಾಯಿತು. ಬೆಂಬಲ ಮುಗಿದಿರುವುದರಿಂದ ಬದಲಿಸಿಕೊಳ್ಳಿ ಅಂತ ಕಂಪನಿಯೇ ಹೇಳಿತು. ಅಂಥ ಹಳಬು ಎಸ್‌ಎಂಬಿ 1ರಲ್ಲೇ ಮಾತಾಡುವಂಥದಾದರೆ ಮನೆಯ ವಿಂಡೋಸ್‌ಗೆ ಅದು ಅರ್ಥವಾಗದು. 2017ರ ವಿಂಡೋಸ್ 10 ಆವೃತ್ತಿ 1709ರಿಂದ ಎಸ್‌ಎಂಬಿ 1 ತಾನಾಗಿ ಬರುವುದಿಲ್ಲ. ಡಬ್ಲ್ಯೂಡಿ ಮೈ ಬುಕ್ ಲೈವ್‌ಗಳನ್ನು 2021ರ ಜೂನ್‌ನಲ್ಲಿ ದೂರದಿಂದಲೇ ಅಳಿಸಿಹಾಕಿದ್ದು ಬಹಳ ಜನರ ಫೋಟೊ ನುಂಗಿತು. ಸಿನಾಲಜಿಯದ್ದೇ ಡಿಎಸ್415+, ಡಿಎಸ್1515+ಗಳಲ್ಲಿ ಇಂಟೆಲ್ ಆಟಮ್ ಸಿ2538 ಇದೆ. ಆ ಚಿಪ್ಪಿನ ಕ್ಲಾಕ್ ದೋಷದಿಂದ ಒಂದು ದಿನ ಬೂಟ್ ಆಗದೇ ನಿಲ್ಲುತ್ತವೆ. 100 ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಎಬ್ಬಿಸುವವರಿದ್ದಾರೆ, ಅದು ಗೊತ್ತಿದ್ದು ಕೊಳ್ಳುವವರ ಆಟ. 218ಜೆಯ ಮಾರ್ವೆಲ್‌ಗೆ ಈ ಕಾಯಿಲೆ ಇಲ್ಲ.

ಯಾವ ನ್ಯಾಸನ್ನೇ ಆಗಲಿ ರೂಟರಿನಲ್ಲಿ ಪೋರ್ಟ್ ತೆರೆದು ಇಂಟರ್‌ನೆಟ್ಟಿಗೆ ನೇರ ಬಿಡಬೇಡಿ. 2022ರ ಜನವರಿಯ ಡೆಡ್‌ಬೋಲ್ಟ್ ದಾಳಿ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವಂಥದ್ದು) ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳನ್ನು ಹಿಡಿದದ್ದು ಹೀಗೆ ಹೊರಗೆ ತೆರೆದಿಟ್ಟಿದ್ದರಿಂದಲೇ. ತೋಟದಿಂದ ಮನೆಯ ಫೈಲು ನೋಡಬೇಕಿದ್ದರೆ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳ ನಡುವೆ ಖಾಸಗಿ ದಾರಿ ಮಾಡುವ ವಿಪಿಎನ್) ಪ್ಯಾಕೇಜ್ ಹಾಕಿಕೊಳ್ಳಿ. ರೂಟರಿಗೆ ಸ್ವಂತ ಸಾರ್ವಜನಿಕ ವಿಳಾಸ ಕೊಡದ ಸಂಪರ್ಕಗಳಲ್ಲೂ ಅದು ನಡೆಯುತ್ತದೆ.

ಬಳಕೆಯಲ್ಲಿ ಹೇಗಿದೆ, ಎಷ್ಟು ಕೊಡಬಹುದು

ಫೈಲ್ ಇಡಲು, ಎರಡು ಲ್ಯಾಪ್‌ಟಾಪಿನ ಬ್ಯಾಕಪ್‌ಗೆ, ಫೋನಿನ ಫೋಟೊ ತಾನಾಗಿ ಇಳಿಸಲು ತಕರಾರಿಲ್ಲ. ಸದ್ದು ಕಡಿಮೆ. ಕ್ಯಾಮೆರಾ ರೆಕಾರ್ಡಿಂಗಿಗೆ ಎರಡು ಪರವಾನಗಿ ಉಚಿತವಾಗಿ ಬರುತ್ತವೆ, ಚಿಕ್ಕ ಮನೆಗೆ ಸಾಕು. 512 ಎಂಬಿ ರ‍್ಯಾಮ್ ಸಂಕಟ ಕಾಣುವುದು ಸಾವಿರಾರು ಫೋಟೊ ಒಮ್ಮೆಗೇ ಸುರಿದಾಗ. ಸಿನಾಲಜಿ ಫೋಟೋಸ್ ಸಣ್ಣಚಿತ್ರ ಮಾಡುತ್ತಾ ದಿನಗಟ್ಟಲೆ ಕೂರುತ್ತದೆ, ಆಗ ಡಿಎಸ್‌ಎಂ ಪುಟ ತೆರೆಯುವುದೂ ನಿಧಾನ. ಬೇಡದ ಪ್ಯಾಕೇಜ್ ತೆಗೆದು, ಸುರಿಯುವ ಕೆಲಸ ರಾತ್ರಿ ಹಚ್ಚಿಬಿಟ್ಟರೆ ಸಹಿಸಬಹುದು. ಎರಡು ಡಿಸ್ಕಿನ ರೇಡ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಹಿಂದಿನ ಯುಎಸ್‌ಬಿಗೆ ಒಂದು ಹೊರ ಡಿಸ್ಕ್ ಸಿಕ್ಕಿಸಿ ಹೈಪರ್ ಬ್ಯಾಕಪ್ ಇಟ್ಟುಕೊಳ್ಳಿ.

ಬೆಲೆಯ ಬಗ್ಗೆ ನಮ್ಮ ಅಳತೆ ಇದು. ಡಿಸ್ಕ್ ಇಲ್ಲದ, ಎದುರಲ್ಲೇ ಬೀಪ್ ಕೊಟ್ಟು ಗಿಗಾಬಿಟ್ ತೋರಿಸಿದ ಪೆಟ್ಟಿಗೆಗೆ ಐದು ಸಾವಿರದವರೆಗೆ ಕೊಡಬಹುದು. ಬೀಪ್ ಬಂದು, ಲ್ಯಾನ್ ದೀಪ ಹತ್ತಿ, ವಿಳಾಸ ಮಾತ್ರ ಸಿಗದಿದ್ದರೆ ‘ಕನೆಕ್ಟ್ ಆಗ್ತಿಲ್ಲ’ ದರದಲ್ಲೇ ಮಾತಾಡಿ, ಎರಡೂವರೆ ಸಾವಿರಕ್ಕೆ ಮೇಲೆ ಹೋಗಬೇಡಿ. ರೀಸೆಟ್ ಪಿನ್ ಜೇಬಿನಲ್ಲೇ ಇರಲಿ. ಅಡಾಪ್ಟರ್ ಇಲ್ಲದಿದ್ದರೆ ಅದರ ಬೆಲೆ ಕಳೆಯಿರಿ. ಲ್ಯಾನ್ ದೀಪ ಹತ್ತದ್ದು, ಬೀಪ್ ಬಾರದ್ದು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅದರಲ್ಲಿ ಕೆಲಸಕ್ಕೆ ಬರುವುದು ಫ್ಯಾನು, ಕವಚ, ನಾಲ್ಕು ಸ್ಕ್ರೂ.